ವಾರಿಜಕ್ಕ ಹೇಳಿದ ದೇವರುಗಳು

ಮುಂಬಯಿಯ ಭಾಂಡುಪಿನ ಗುಡ್ಡದ ಬದಿಯ ಆ ಚಾಳಿನಲ್ಲಿ ನಳಕ್ಕೆ ನೀರು ಬರುತ್ತಿದ್ದುದು ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ. ಕೆಲವು ದಿನ ಬೇಗ, ಕೆಲವು ದಿನ ತಡ, ಇನ್ನು ಕೆಲವು ದಿನ ಬರುತ್ತಲೇ ಇರಲಿಲ್ಲ. ಹೆಂಗಸರು ಕೊಡಪಾನ, ಡಬ್ಬಿಗಳನ್ನು ಸಾಲಿಗಿಟ್ಟು, ಕಾವಲಿಗೆ ಮಕ್ಕಳನ್ನು ಕೂರಿಸಿ ಮನೆಗೆಲಸಕ್ಕೆ ಹೋಗುತ್ತಿದ್ದರು. ಮಕ್ಕಳು ಸುಮ್ಮನೆ ಕೂರುತ್ತವೆಯೇ? ಕೊಡ ಹಿಂದೆ ಮುಂದೆ ಮಾಡುವುದು, ಬೈದಾಡುವುದು, ಕೂದಲು ಹಿಡಿದು ಎಳೆಯುವುದು. ಈ ಗಲಾಟೆ ತಾಳಲಾರದೆ ವಾರಿಜಾ ಒಂದು ದಿನ ನಳದ ಕಟ್ಟೆಯ ಮೇಲೆ ಕುಳಿತು, ಕಥೆ ಹೇಳುತ್ತೇನೆ, ಇತ್ತ ಬನ್ನಿ ಎಂದಳು. ಅದು ಅರವತ್ತೊಂಬತ್ತನೆಯ ಇಸವಿಯ ಮಳೆಗಾಲ ಮುಗಿಯುತ್ತಿದ್ದ ಸಮಯ.

ವಾರಿಜಾ ಉಡುಪಿಯ ಕಡೆಯವಳು. ಗಂಡ ಅಣ್ಣು ಹತ್ತಿರದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವನು. ಮದುವೆಯಾಗಿ ಈ ಚಾಳಿಗೆ ಬಂದ ಎರಡನೆಯ ವರ್ಷ ಅವಳಿಗೊಂದು ಗಂಡುಮಗು ಹುಟ್ಟಿ, ಹುಟ್ಟಿದ ದಿನವೇ ಹೋಯಿತು. ಆಮೇಲೆ ಮಕ್ಕಳಾಗಲಿಲ್ಲ. ಆ ಸಂಗತಿಯನ್ನು ಅವಳು ಯಾರ ಹತ್ತಿರವೂ ಎತ್ತುತ್ತಿರಲಿಲ್ಲ. ಅಣ್ಣುವೂ ಎತ್ತುತ್ತಿರಲಿಲ್ಲ. ಬಲಗಡೆಯ ಒಂದೇ ಕೋಣೆಯ ಖೋಲಿಯಲ್ಲಿದ್ದ ಹಜರತಬಿಗೆ ಮಾತ್ರ, ಮಗು ಆಗಿ ಹೋಯಿತು ಎಂಬಷ್ಟು ಗೊತ್ತಿತ್ತು. ಹಜರತಬಿ ವಿಜಾಪುರದ ಕಡೆಯವಳು, ಅವಳ ಗಂಡ ಅಮೀರಸಾಬ ಲೇಥ್ ಮಷೀನಿನ ಕೆಲಸಗಾರ. ಅವರ ಮಗಳು ಮಲಿಕಾ ನಳದ ಕಟ್ಟೆಯಲ್ಲಿ ಯಾವಾಗಲೂ ವಾರಿಜಾಳ ಮೊಣಕಾಲಿಗೆ ಒರಗಿ ಕೂರುತ್ತಿದ್ದಳು.

ವಾರಿಜಾ ಹೇಳಿದ್ದು ಊರಲ್ಲಿ ಕೇಳಿದ ಕಥೆಗಳನ್ನಲ್ಲ. ಬಾಯಿಗೆ ಬಂದದ್ದನ್ನು ಕಟ್ಟುತ್ತ ಹೋದಳು. ಕಡಲಿನ ಅಡಿಯಲ್ಲಿ ಸೂರ್ಯನಿಲ್ಲದ ಒಂದು ನಾಡು. ಅಲ್ಲಿ ಮೊದಲು ಉಪ್ಪಬ್ಬೆ ಎಂಬ ತಾಯಿ ಒಬ್ಬಳೇ ಇದ್ದಳು. ಅವಳು ಮುಷ್ಟಿ ಬಿಚ್ಚಿದಾಗ ಉದುರಿದ ಉಪ್ಪೇ ನೆಲವಾಯಿತು. ಅವಳ ಹಿರಿಮಗ ತೆರೆರಾಯ, ಅವನು ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೆ ಮೇಲಿನ ಲೋಕದಲ್ಲಿ ಭರತ, ಇಳಿತ. ಅವಳಿ ಹೆಣ್ಣುಮಕ್ಕಳು ಮಿಣುಕಿ ಮತ್ತು ಮಬ್ಬಿ. ಮಿಣುಕಿ ಮೀನುಗಳ ಹೊಟ್ಟೆಯೊಳಗೆ ದೀಪ ಹಚ್ಚುತ್ತ ಮುಂದೆ ಹೋದರೆ ಮಬ್ಬಿ ಅವನ್ನು ಆರಿಸುತ್ತ ಹಿಂದೆ ಬರುವಳು. ಶಂಖದ ತಲೆಯ ಕೊಂಬಣ್ಣನಿಗೆ ಲೋಕದ ಸುಳ್ಳುಗಳೆಲ್ಲ ಕೇಳಿಸುತ್ತಿದ್ದವು, ಅದರಿಂದ ಅವನಿಗೆ ಸದಾ ತಲೆನೋವು. ಇದನ್ನು ಕೇಳಿ ಮಕ್ಕಳು ನಕ್ಕವು.

ಕೊನೆಯವನ ಕಥೆಗೆ ಮಾತ್ರ ಯಾರೂ ನಗಲಿಲ್ಲ. ಉಪ್ಪಬ್ಬೆ ಮಕ್ಕಳಿಗೆ ಮನೆ ಪಾಲು ಮಾಡಿಕೊಟ್ಟು ಕದ ಹಾಕಿದ ಮೇಲೆ ಇವನು ಹುಟ್ಟಿದ. ಪಾಲಿಗೆ ಏನೂ ಉಳಿದಿರಲಿಲ್ಲ. ಹೆಸರಿಡುವವರೂ ಇಲ್ಲದೆ ಹೊರಗಿನವ ಎಂದೇ ಆಯಿತು. ಅವನು ಏನೂ ಕೇಳುವುದಿಲ್ಲ, ಎಲ್ಲರ ಬಾಗಿಲ ಹೊರಗೂ ಸುಮ್ಮನೆ ನಿಂತಿರುತ್ತಾನೆ. ಆದರೆ ಬಾಗಿಲಿಗೆ ಬಂದವರಿಗೆ ಯಾರಾದರೂ ಒಳಗೆ ಜಾಗ ಇಲ್ಲ ಎಂದರೆ ಅವನ ಕಿವಿ ನಿಮಿರುತ್ತದೆ. ಜಾಗ ಇಲ್ಲವೇ, ನಾನು ಮಾಡಿಕೊಡುತ್ತೇನೆ ಎನ್ನುತ್ತಾನೆ. ಆ ಮನೆಯಿಂದ ಒಬ್ಬರು ಕಡಿಮೆಯಾಗುತ್ತಾರೆ.

ಅಷ್ಟು ಹೇಳಿದ ಮೇಲೆ ವಾರಿಜಾಳಿಗೇ ಮೈ ಜುಮ್ಮೆಂದಿತು. ಎಲ್ಲಿಂದ ಬಂತು ಇದು ಎಂದು ಅವಳು ಯೋಚಿಸುವಷ್ಟರಲ್ಲಿ ನಳ ಗೊರಗೊರ ಎಂದಿತು, ಮಕ್ಕಳು ಕೊಡಗಳತ್ತ ಓಡಿದವು.

ಜಾಗ ಇಲ್ಲ ಎಂಬುದು ಆ ಚಾಳಿನಲ್ಲಿ ದಿನಕ್ಕೊಮ್ಮೆಯಾದರೂ ಯಾರಾದರೂ ಆಡುತ್ತಿದ್ದ ಮಾತು. ಒಂದೊಂದು ಖೋಲಿಯಲ್ಲಿ ಗೋಡೆಯಿಂದ ಗೋಡೆಗೆ ಚಾಪೆ ಹಾಸಿ ಮಲಗುವ ಜನ. ಮೊದಲು ಮಕ್ಕಳು ಆ ಮಾತನ್ನು ಬಿಟ್ಟವು. ದೊಡ್ಡವರು ಆಡಿದರೆ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದವು. ಹೆಂಗಸರು ನಕ್ಕು, ವಾರಿಜಕ್ಕ ಒಳ್ಳೆಯ ಗುಮ್ಮನನ್ನು ತಂದಿಟ್ಟಿದ್ದಾಳೆ ಎಂದರು.

ಎಡಗಡೆಯ ಸಾಲಿನಲ್ಲಿ ದೂಜ ಎಂಬವನಿದ್ದ. ಬೈಕುಲ್ಲಾದ ಹೋಟೆಲೊಂದರಲ್ಲಿ ಸಪ್ಲಾಯರ್. ಅವನ ಖೋಲಿಯಲ್ಲಿ ತಮ್ಮ ಶೇಖರ, ಭಾವಂದಿರು, ಊರಿನವರು ಎಂದು ತುಂಬಿಹೋಗಿತ್ತು. ಒಂದು ಸಂಜೆ ಊರಿಂದ ದಾಯಾದಿಯೊಬ್ಬ ಟ್ರಂಕು ಹೊತ್ತು ಬಂದು ಬಾಗಿಲಲ್ಲಿ ನಿಂತ. ದೂಜ ದಣಿದು ಬಂದವನು, ರೇಗಿ, ಕಾಲಿಡಲಿಕ್ಕೂ ಎಡೆ ಇಲ್ಲ, ಒಳಗೆ ಜಾಗ ಇಲ್ಲ ಮಾರಾಯ ಎಂದುಬಿಟ್ಟ. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಒಮ್ಮೆಲೇ ಆಟ ನಿಲ್ಲಿಸಿದವು. ಅದೇ ವಾರ ಶೇಖರ ಲೋಕಲ್ ರೈಲಿನ ಬಾಗಿಲಿಗೆ ಜೋತು ಬರುತ್ತಿದ್ದವನು ಕೈತಪ್ಪಿ ಬಿದ್ದು ಸತ್ತ. ಲೋಕಲ್‌ನಿಂದ ಬಿದ್ದು ಸಾಯುವವರು ಆ ಊರಲ್ಲಿ ಎಷ್ಟೋ ಜನ. ಆದರೆ ಟ್ರಂಕಿನವನು ಶೇಖರನ ಚಾಪೆಯ ಮೇಲೇ ಮಲಗಿಕೊಂಡಾಗ ಚಾಳಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನದಿಂದ ಹೊಸ್ತಿಲುಗಳ ಹೊರಗೆ ಚಿಟಿಕೆ ಉಪ್ಪು ಕಾಣಿಸತೊಡಗಿತು. ಆಮೇಲೆ ಒಂದು ತುತ್ತು ಅನ್ನ. ಆಮೇಲೆ ದೀಪ. ವಾರಿಜಾ ಮನೆಮನೆಗೆ ಹೋಗಿ, ಅದು ಮಕ್ಕಳನ್ನು ಸುಮ್ಮನಿರಿಸಲು ತಾನೇ ಕಟ್ಟಿದ್ದು, ಅಂಥ ದೇವರು ಎಲ್ಲಿಯೂ ಇಲ್ಲ ಎಂದು ಹೇಳಿದಳು. ಅವರು ಕೇಳಿಸಿಕೊಂಡರು, ಒಳಗೆ ಕರೆದು ಚಹಾ ಕೊಟ್ಟರು. ದೀಪ ಮಾತ್ರ ಆರಿಸಲಿಲ್ಲ. ದೂಜನ ಅತ್ತಿಗೆಯೊಬ್ಬಳು ಮೆಲ್ಲನೆ ಕೇಳಿದಳು: "ನೀವು ಕಟ್ಟಿದ್ದೇ ಸರಿ. ನಿಮ್ಮ ತಲೆಯಲ್ಲಿ ಅದನ್ನು ಹಾಕಿದ್ದು ಯಾರು?"

ಆ ದಿನದಿಂದ ವಾರಿಜಾ ಕಥೆ ಹೇಳುವುದನ್ನು ನಿಲ್ಲಿಸಿದಳು. ನಿಲ್ಲಿಸಿದ್ದರಿಂದ ಇನ್ನೂ ಕೆಟ್ಟದ್ದಾಯಿತು. ದೇವರು ಬಾಯಿ ಕಟ್ಟಿದ್ದಾನೆ ಎಂದು ಜನ ಅರ್ಥ ಮಾಡಿಕೊಂಡರು.

ಎಪ್ಪತ್ತೆರಡರಲ್ಲಿ ಅದೇ ಚಾಳಿನ ಕಾಂತಪ್ಪನಿಗೆ ಮೈಮೇಲೆ ದರ್ಶನ ಬರತೊಡಗಿತು. ಕಾಂತಪ್ಪ ಮಿಲ್ಲಿನ ಕೆಲಸ ಹೋಗಿ ಮನೆಯಲ್ಲಿ ಕುಳಿತಿದ್ದ ಮನುಷ್ಯ. ಮೆತ್ತಗಿನವನು, ಯಾರಿಗೂ ಎದುರಾಡಿದವನಲ್ಲ. ನಳದ ಸಾಲಿನಲ್ಲಿ ನಿಂತಿದ್ದಾಗಲೇ ಮೈ ನಡುಗಿ, ಹಲ್ಲು ಕಚ್ಚಿ, ತಾನು ಹೊರಗಿನವ ಎಂದ. ಮುಂದೆ ವಾರಕ್ಕೊಮ್ಮೆ ಬಂತು. ಸುದ್ದಿ ಹಬ್ಬಿ ಆಚೆ ಚಾಳುಗಳಿಂದಲೂ ಜನ ಬಂದರು, ರೇಲ್ವೆ ಹಳಿಯ ಆಚೆಯಿಂದಲೂ ಬಂದರು. ಖೋಲಿ ಸಿಗದವರು, ಮಾಲೀಕ ಹೊರಹಾಕಿದವರು, ಸೊಸೆಯ ಮನೆಯಲ್ಲಿ ಮೂಲೆ ಹಿಡಿದ ಮುದುಕರು ಅವನ ಕಾಲು ಹಿಡಿದು ಅತ್ತರು. ಯಾರ ಮನೆಯಲ್ಲಿ ಜಾಗವಾಗುತ್ತದೆ ಎಂದು ಕಾಂತಪ್ಪ ಹೇಳುತ್ತಿದ್ದ. ಕೆಲವೊಮ್ಮೆ ಅವನು ಹೇಳಿದ ಮನೆಯಲ್ಲಿ ಜಾಗವಾಗುತ್ತಲೂ ಇತ್ತು.

ಶ್ರಾವಣದ ಒಂದು ಮಧ್ಯಾಹ್ನ ಅವನು ನಡುಗುತ್ತಲೇ ಗುಂಪನ್ನು ಸೀಳಿಕೊಂಡು ಬಂದು ವಾರಿಜಾಳ ಬಾಗಿಲಲ್ಲಿ ನಿಂತ. ಹಿಂದೆ ಇಡೀ ಚಾಳು. ಅಣ್ಣು ಕ್ಯಾಂಟೀನಿನಲ್ಲಿದ್ದ. ಹಜರತಬಿ ಮಾತ್ರ ಒಳಗೆ ಅವಳ ಜೊತೆ ಅಕ್ಕಿ ಆರಿಸುತ್ತ ಕುಳಿತಿದ್ದಳು.

"ಅಪ್ಪೆ," ಎಂದ ಕಾಂತಪ್ಪ. ತುಳುವಿನಲ್ಲಿ ಅಮ್ಮ ಎಂದು. ಅವನು ವಾರಿಜಾಳಿಗಿಂತ ಹದಿನೈದು ವರ್ಷವಾದರೂ ದೊಡ್ಡವನು. "ಅಪ್ಪೆ, ನನಗೆ ನಿಂತು ಸಾಕಾಯಿತು. ಆ ದಿನ ಬಾಗಿಲಲ್ಲಿ ನಿನಗೆ ಏನು ಹೇಳಿದರು? ಈಗ ನೀನೂ ನನಗೆ ಅದನ್ನೇ ಹೇಳುತ್ತೀಯಾ?"

ವಾರಿಜಾಳ ಕೈಯಲ್ಲಿದ್ದ ಮೊರ ಜಾರಿ ಅಕ್ಕಿ ನೆಲಕ್ಕೆ ಚೆಲ್ಲಿತು. ನೋವು ಕಾಣಿಸಿಕೊಂಡ ದಿನ ಅಣ್ಣು ಅವಳನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಒಂದು ಹೆರಿಗೆ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದ. ಬಿಳಿ ಸೀರೆಯ ಹೆಂಗಸು ಅರ್ಧ ಕದ ತೆರೆದು, ಜಾಗಾ ನಹೀ, ಎಂದು ಮುಚ್ಚಿದ್ದಳು. ಇನ್ನೊಂದು ಆಸ್ಪತ್ರೆಯಲ್ಲೂ ಅದೇ ಮಾತು. ಮಗು ಹುಟ್ಟಿದ್ದು ಆ ಎರಡನೆಯ ಬಾಗಿಲಿನ ಮೆಟ್ಟಿಲ ಮೇಲೆ. ಇದು ಅವಳಿಗೆ ಗೊತ್ತಿತ್ತು, ಅಣ್ಣುವಿಗೆ ಗೊತ್ತಿತ್ತು, ಭೂಮಿಯ ಮೇಲೆ ಇನ್ನು ಯಾರಿಗೂ ಗೊತ್ತಿರಲಿಲ್ಲ. ಆ ದೇವರು ತನ್ನ ಬಾಯಿಗೆ ಎಲ್ಲಿಂದ ಬಂದ ಎನ್ನುವುದು ಅವಳಿಗೆ ಆಗ ತಿಳಿಯಿತು.

ಜಾಗ ಇಲ್ಲ ಎಂದರೆ ಮನೆಯಿಂದ ಒಬ್ಬರು ಕಡಿಮೆ. ಮನೆಯಲ್ಲಿ ಇದ್ದವರು ಇಬ್ಬರೇ. ಹಜರತಬಿ ಎದ್ದು ಅವಳ ಕಿವಿಯ ಹತ್ತಿರ ಬಂದಳು. "ನೀ ಸುಮ್ಕಿರು ವಾರಿಜಕ್ಕಾ. ನಾ ಹೇಳತೀನಿ ಅವಗ, ಇಲ್ಲಿ ಜಾಗಾ..."

ವಾರಿಜಾ ಅವಳ ಬಾಯಿ ಮುಚ್ಚಿದಳು. ಆಡಿದವರ ಮನೆಗೇ ಆ ಮಾತು ತಗುಲಿದರೆ? ಹೊರಗಿನ ಗುಂಪಿನ ಮುಂದೆಯೇ ಮಲಿಕಾ ನಿಂತಿದ್ದಳು, ರೆಪ್ಪೆ ಬಡಿಯದೆ.

"ಒಳಗೆ ಬಾ," ಎಂದಳು ವಾರಿಜಾ. "ಬಾ ಮಗಾ."

ಕಾಂತಪ್ಪನ ನಡುಕ ನಿಂತಿತು. ಹೊಸ್ತಿಲು ದಾಟಿ ಬಂದು, ಪಾತ್ರೆಗಳಿದ್ದ ಮೂಲೆಯಲ್ಲಿ ಮಂಡಿ ಮಡಚಿ, ತಲೆ ತಗ್ಗಿಸಿ, ಎಳೆಮಗುವಿನ ಹಾಗೆ ಮುದುರಿ ಕುಳಿತ. ಹೆಂಡತಿ ಬಂದು ಕರೆದರೂ ಏಳಲಿಲ್ಲ. ಮರುದಿನ ಎಚ್ಚರ ಬಂದಾಗ ಅವನು ನಾಚಿ, ಕೈಮುಗಿದು ತನ್ನ ಖೋಲಿಗೆ ಹೋದ. ಹೊತ್ತು ಇಳಿಯುತ್ತಲೇ ತಿರುಗಿ ಬಂದು ಅದೇ ಮೂಲೆ ಹಿಡಿದ. ದಿನವೂ ಹೀಗೇ. ಅಣ್ಣು ಒಮ್ಮೆ ಅವನನ್ನು ತೋಳು ಹಿಡಿದು ಎಳೆಯಲು ನೋಡಿದ. ಚಾಳಿನ ಗಂಡಸರು ಅಡ್ಡ ಬಂದರು. ಆ ಬಾಗಿಲು, ಆ ಮೆಟ್ಟಿಲು, ನೀವು ಅವನಿಗೆ ಹೇಳಿದ್ದಿರಾ ಎಂದು ವಾರಿಜಾ ಗಂಡನನ್ನು ಕೇಳಿದಳು. ಅಣ್ಣು ಇಲ್ಲವೆಂದು ಆಣೆ ಮಾಡಿದ. ಹೇಳುವಾಗ ಅವನ ತುಟಿ ಒಣಗಿತ್ತು, ಅದು ಸುಳ್ಳಿನಿಂದಲೋ ಹೆದರಿಕೆಯಿಂದಲೋ ಅವಳಿಗೆ ಗೊತ್ತಾಗಲಿಲ್ಲ.

ಜನ ದೀಪ ತಂದರು, ಗಂಟೆ ತಂದರು. ಗಂಡ ಹೆಂಡತಿ ಸ್ಟೋವನ್ನು ಹೊರಗಿನ ಜಗಲಿಗೆ ತಂದಿಟ್ಟುಕೊಂಡು ಸ್ವಲ್ಪ ಕಾಲ ತಳ್ಳಿದರು. ದೀಪಾವಳಿಗೆ ಮೊದಲೇ ಟ್ರಂಕು, ಹಾಸಿಗೆ ಕಟ್ಟಿ ಊರಿನ ಇನ್ನೊಂದು ಕಡೆಯ ಸಯನ್ನಿಗೆ ಹೋದರು. ಅಲ್ಲಿ ಅಣ್ಣುವಿನ ಗುರುತಿನವರೊಬ್ಬರ ಬಿಲ್ಡಿಂಗಿನ ಹಿಂಬದಿಯ ಕೋಣೆ ಸಿಕ್ಕಿತು. ವಾರಿಜಾ ನೆರೆಯ ಕನ್ನಡ ಮನೆಗಳಿಗೆ ಹಪ್ಪಳ, ಉಪ್ಪಿನಕಾಯಿ ಮಾಡಿಕೊಡುತ್ತಿದ್ದಳು. ಮಕ್ಕಳು ಹತ್ತಿರ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಆ ಬಿಲ್ಡಿಂಗಿನವರು ಅವಳನ್ನು ಗಂಟುಮುಖದವಳು ಎಂದುಕೊಂಡರು.

ಎಪ್ಪತ್ತಾರರ ಬೇಸಿಗೆಯಲ್ಲಿ ಹಜರತಬಿ ವಿಳಾಸ ಹುಡುಕಿಕೊಂಡು ಬಂದಳು. ಅವರೂ ಆ ಚಾಳು ಬಿಟ್ಟಿದ್ದರು, ಅಮೀರಸಾಬ ಬೈಕುಲ್ಲಾದಲ್ಲಿ ಸ್ವಂತ ವರ್ಕ್‌ಶಾಪಿಟ್ಟಿದ್ದ. ಕಾಂತಪ್ಪ ಆ ಮೂಲೆಯಲ್ಲೇ ಕುಳಿತಲ್ಲಿ ಸತ್ತನಂತೆ. ಗೋಡೆ ಒಡೆದು ಎರಡು ಖೋಲಿ ಸೇರಿಸಿ ಗುಡಿ ಮಾಡಿದ್ದಾರಂತೆ. ಉಪ್ಪಬ್ಬೆ, ತೆರೆರಾಯ, ಅವಳಿಗಳು, ಕೊಂಬಣ್ಣ, ಎಲ್ಲರಿಗೂ ಒಂದೊಂದು ಕಲ್ಲು, ಒಬ್ಬೊಬ್ಬರಿಗೂ ನಡುಗುವ ಒಬ್ಬೊಬ್ಬ ಮನುಷ್ಯ. ಚಹಾ ಆರುತ್ತಿತ್ತು. ಹಜರತಬಿ ಹೇಳಲೋ ಬೇಡವೋ ಎಂದು ಸೆರಗು ತಿರುವಿದಳು.

"ಇನ್ನೊಂದು ಕಲ್ಲ ನಿಲ್ಲಿಸ್ಯಾರ ಅಕ್ಕಾ. ಹೇಳಿಹೋದಾಕಿ ಅಂತ ಹೆಸರು. ಸೀರಿ ಉಡಿಸ್ಯಾರ. ಕಣ್ಣ ಮಾತ್ರ ಇನ್ನೂ ಬರದಿಲ್ಲ. ಆಕಿ ಸತ್ತ ಮ್ಯಾಲೆ ಕಾಡಿಗಿಲೆ ಬರೀತಾರಂತ."

ವಾರಿಜಾ ಅಣ್ಣುವಿಗೆ ಏನೂ ಹೇಳಲಿಲ್ಲ. ಮರುದಿನ ಬೆಳಗಿನ ಕೆಲಸ ಮುಗಿಸಿ ಒಬ್ಬಳೇ ಲೋಕಲ್ ಹತ್ತಿ ಭಾಂಡುಪಿಗೆ ಹೋದಳು. ಗುಡ್ಡದ ಚಾಳಿನಲ್ಲಿ ಗುರುತಿನ ಮುಖ ಒಂದೂ ಕಾಣಲಿಲ್ಲ, ಎಲ್ಲ ಹೊಸ ಜನ. ಗುಡಿಯೊಳಗೆ ಎಣ್ಣೆಯ ಜಿಡ್ಡು, ಹೊಗೆ. ಸಾಲಿನ ಕೊನೆಯಲ್ಲಿ ಅವಳ ಕಲ್ಲು ಇತ್ತು, ಸೊಂಟದೆತ್ತರ, ಹಸಿರು ಸೀರೆ, ಮುಖದ ಜಾಗ ನುಣ್ಣಗೆ. ಕಲ್ಲಿನ ಬುಡದಲ್ಲಿ ಯಾರೋ ತಾಯಿಯೊಬ್ಬಳು ಜ್ವರದ ಮಗುವನ್ನು ಮಲಗಿಸಿ ಕುಳಿತಿದ್ದಳು. ಮಗುವಿನ ತುಟಿ ಬಿರಿದಿತ್ತು. ಆಕೆ ತಲೆಯೆತ್ತಿ, ಈ ತಾಯಿಗೆ ನಾವು ಹೇಳಿದ್ದು ಕೇಳಿಸುತ್ತದಾ ಎಂದು ವಾರಿಜಾಳನ್ನೇ ಕೇಳಿದಳು.

ಇಲ್ಲ, ಇದು ಬರೀ ಕಲ್ಲು, ಡಾಕ್ಟರ ಹತ್ತಿರ ಹೋಗು ಎಂದು ಹೇಳಲೆಂದೇ ವಾರಿಜಾ ಅಲ್ಲಿಯವರೆಗೆ ಬಂದದ್ದು. ಆದರೆ ಆ ಹೆಂಗಸಿನ ಮುಖ ನೋಡಿ ಅವಳಿಗೆ ಹಾಗೆನ್ನಲು ಆಗಲಿಲ್ಲ.

"ಕೇಳಿಸುತ್ತದೆ," ಎಂದಳು. "ಆದರೂ ಈಗಲೇ ದವಾಖಾನೆಗೆ ಹೋಗು. ಅವಳೇ ಹೇಳಿದಳು ಅಂತ ಇಟ್ಟುಕೋ."

ಆಕೆ ಕೂಡಲೇ ಎದ್ದಳು, ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿದಳು. ವಾರಿಜಾ ಬಾಗಿಲಿಗೆ ಬಂದು ಚಪ್ಪಲಿ ಹುಡುಕುತ್ತಿದ್ದಾಗ, ಜಗಲಿಯ ಮೇಲೆ ಕುಳಿತಿದ್ದ ಪೂಜೆಯವನು ಅವಳನ್ನೇ ನೋಡುತ್ತಿರುವುದು ಕಂಡಿತು. ಯುವಕ. ಕೈಯಲ್ಲಿ ಪುಟ್ಟ ಬಟ್ಟಲು, ಎಣ್ಣೆಯಲ್ಲಿ ಕಾಡಿಗೆ ಕಲಸುತ್ತಿದ್ದ. ಒಳಗೆ ಅವಳು ಆಡಿದ ಮಾತು ಅವನಿಗೆ ಕೇಳಿಸಿತ್ತೋ ಏನೋ. ಬೆರಳು ನಿಲ್ಲಿಸಿ, ಅವಳ ಕಣ್ಣುಗಳನ್ನು ತುಂಬ ಹೊತ್ತು ನೋಡಿದ, ಅಳತೆ ತೆಗೆದುಕೊಳ್ಳುವವನ ಹಾಗೆ.

"ಅಮ್ಮಾ, ನೀವು ಎಲ್ಲಿರುವುದು?" ಎಂದು ಕೇಳಿದ, ಬಹಳ ಮರ್ಯಾದೆಯಿಂದ.

ದೂರ, ಎಂದಳು ವಾರಿಜಾ. ಒಂದು ಚಪ್ಪಲಿ ಸಿಕ್ಕಿರಲಿಲ್ಲ. ಸಿಕ್ಕಿದ್ದನ್ನೂ ಅಲ್ಲೇ ಬಿಟ್ಟು, ಬಿಸಿಲಿಗೆ ಕಾದ ಇಳಿಜಾರಿನಲ್ಲಿ ಬರಿಗಾಲಲ್ಲಿ ಸ್ಟೇಷನ್ನಿನ ಕಡೆ ನಡೆದಳು. ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದಳು. ಅವನು ಬಟ್ಟಲು ಹಿಡಿದುಕೊಂಡೇ ಅವಳ ಹಿಂದೆ ಇಳಿದು ಬರುತ್ತಿದ್ದ, ಅವಸರವಿಲ್ಲದೆ.