ಅಣ್ಣನ ವಯಸ್ಸು

ಕಾಕಾನ ಪಾದಗಳು ವರ್ಷವಿಡೀ ನೀರಲ್ಲಿ ನೆನೆದು ಬೆಳ್ಳಗಾಗಿರುತ್ತಿದ್ದವು, ಬೆರಳ ಸಂದಿಯ ಚರ್ಮ ಸುಲಿದಿರುತ್ತಿತ್ತು. ಶಹಾಪುರದ ಆಚೆ ಭತ್ತದ ಗದ್ದೆಗಳಿಗೆ ಕಾಲುವೆ ನೀರು ಬಿಡುವ ಸರಕಾರಿ ನೌಕರಿ ಅವರದು. ನನಗೆ ರಕ್ತಸಂಬಂಧಿಯಲ್ಲ, ಪಕ್ಕದ ಮನೆಯವರು. ಅಪ್ಪ ತೀರಿಕೊಂಡ ಮೇಲೆ ಮನೆಯವರೆಲ್ಲ ನನ್ನನ್ನು ಶಾಲೆ ಬಿಡಿಸಲು ಹೊರಟಾಗ, "ಹುಡುಗಿ ಓದ್ತಾಳ. ಯಾರರ ಅಡ್ಡ ಬಂದ್ರ ನನ್ನ ಕೇಳ್ರಿ!" ಎಂದು ಅಂಗಳದಲ್ಲಿ ನಿಂತು ಗದರಿದವರು ಅವರೊಬ್ಬರೇ. ಇವತ್ತು ನಾನು ಟೀಚರಾಗಿದ್ದರೆ ಆ ಗದರಿಕೆಯಿಂದ.

ಅಮಾವಾಸ್ಯೆಗೆ ಮೊದಲ ಹೋಳಿಗೆಯನ್ನು ಅವರು ತಮ್ಮ ಅಣ್ಣನಿಗೆ ಎಡೆ ಇಡುತ್ತಿದ್ದರು. ಆ ಅಣ್ಣ ಆರನೇ ವಯಸ್ಸಿಗೆ, ಶಾಲೆಗೆ ಸೇರಿದ ವರ್ಷವೇ ಜ್ವರ ಬಂದು ಸತ್ತಿದ್ದ. ಕೆಲವೇ ತಿಂಗಳಿಗೆ ಕಾಕಾ ಹುಟ್ಟಿದಾಗ, ಹೋದವನೇ ತಿರುಗಿ ಬಂದನೆಂದು ತಾಯಿ ಅದೇ ಹೆಸರಿಟ್ಟಳು. ಮುಂದೆ ನೌಕರಿಗೆಂದು ಶಾಲೆಯ ದಾಖಲೆ ಕೇಳಿದಾಗ ಹೆಡ್ ಮಾಸ್ತರರು ಅದೇ ಹೆಸರು, ಅದೇ ತಂದೆ ನೋಡಿ ಅಣ್ಣನ ಜನ್ಮದಿನಾಂಕವನ್ನೇ ಬರೆದುಕೊಟ್ಟರು. ಹದಿನೆಂಟು ತುಂಬದ ಹುಡುಗನಿಗೆ ಅದು ಅನುಕೂಲವೇ ಆಯಿತು. "ಈ ನೌಕರಿ ನಮ್ಮಣ್ಣ ಕೊಡಿಸ್ಯಾನವ್ವಾ. ಅವನ ವಯಸ್ಸಿನ್ಯಾಗ ಉಣ್ಣಾಕತ್ತೇನಿ" ಎಂದು ನಗುತ್ತಿದ್ದರು.

ನಗು ನಿಂತದ್ದು ನಿವೃತ್ತಿಯ ವರ್ಷ. ಅಣ್ಣನ ದಿನಾಂಕಕ್ಕೆ ಅರವತ್ತಾಯಿತೆಂದು ಇಲಾಖೆ ಮನೆಗೆ ಕಳಿಸಿತು. ಆಧಾರ್ ಮಾಡಿಸುವಾಗ ಕಾಕಾ ತಮ್ಮ ನಿಜವಾದ ಹುಟ್ಟಿದ ದಿನವನ್ನೇ ಹೇಳಿದ್ದರು. ಪಿಂಚಣಿ ಕೇಳಲು ಯಾದಗಿರಿಗೆ ಹೋದರೆ, ಆಧಾರ್ ಕಾರ್ಡಿನಂತೆ ನಿಮಗಿನ್ನೂ ಐವತ್ನಾಲ್ಕು, ಮೊದಲು ಸರಿಮಾಡಿಸಿಕೊಂಡು ಬನ್ನಿ ಎಂದರು. ದುಡಿಯಲು ಮುದುಕ, ಪಿಂಚಣಿಗೆ ಎಳೆಯ! ಇದ್ಯಾವ ಸೀಮೆಯ ನ್ಯಾಯ? ಹತ್ತಿ ಮಿಲ್ಲಿಗೆ ಕೂಲಿಗೆ ಹೋದರೆ ಅಲ್ಲಿ ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ, "ರಿಟೈರ್ ಆದೋರಿಗೆ ಯಾಕ್ರಿ ಕೂಲಿ? ಮನ್ಯಾಗ ಕುಂದರ್ರಿ" ಎಂದು ತಿರುಗಿಸಿ ಕಳಿಸಿದ. ಕಾಕಾನ ಹೆಂಡತಿ, ನನ್ನ ಕಾಕಿ, ಕಿವಿಯ ಓಲೆ ಮಾರಿ ಅವರಿಗೆ ಸಕ್ಕರೆ ಕಾಯಿಲೆಯ ಗುಳಿಗೆ ತಂದಳು.

ಕಾಕಾನ ಜೊತೆ ನಾನೂ ಎಷ್ಟೋ ಸಲ ಅಲೆದ ಮೇಲೆ ಯಾದಗಿರಿಯ ಕಚೇರಿಯ ಒಬ್ಬ ಗುಮಾಸ್ತ ಕನಿಕರಪಟ್ಟ. ಆಧಾರನ್ನೇ ನೌಕರಿ ದಾಖಲೆಯ ದಿನಾಂಕಕ್ಕೆ ತಿದ್ದಿಸೋಣ, ಊರಿನ ಹಳೆಯ ಜನನ-ಮರಣ ದಾಖಲೆ ತನ್ನಿ ಎಂದ. ತಂದೆವು. ಆದರೆ ಆ ದಿನ ಹುಟ್ಟಿದವನ ಸಾವೂ ಅದರಲ್ಲಿ ನಮೂದಾಗಿತ್ತು. ಗುಮಾಸ್ತ ದನಿ ತಗ್ಗಿಸಿ, "ಈ ಸತ್ತಾವ ಯಾರ್ರಿ? ಗೊತ್ತಿಲ್ಲ ಅಂದ್ಬಿಡ್ರಿ. ಯಾವನೋ ಬ್ಯಾರೇದಾವ ಅಂತ ಬರ್ದು ಮುಂದ ಕಳಿಸ್ತೀನಿ" ಎಂದ. ನಾನು ಕಾಕಾನನ್ನು ಮೊಣಕೈಯಿಂದ ತಿವಿದೆ. ಅವರು ಎರಡೂ ಕೈ ಜೋಡಿಸಿದರು.

"ಗೊತ್ತೈತ್ರಿ. ಅವ ನಮ್ಮಣ್ಣ."

ಮುಗಿಯಿತು. ಪಕ್ಕದ ಮೇಜಿನ ಸಾಹೇಬರೂ ಕೇಳಿಸಿಕೊಂಡಿದ್ದರು. ಗುಮಾಸ್ತ ಕಾಗದಗಳನ್ನು ಹಿಂದಕ್ಕೆ ಕೊಟ್ಟುಬಿಟ್ಟ.

ಬಸ್ಸಿನಲ್ಲಿ ಬಾಯಿಗೆ ಬಂದಂತೆ ಬೈದೆ. "ಒಂದ್ ಸುಳ್ಳು ಹೇಳಿದ್ರ ನಾಲಗಿ ಬಿದ್ದು ಹೋಗ್ತಿತ್ತೇನು ಕಾಕಾ? ಸತ್ತಾವ ಬಂದು ಕೇಳ್ತಿದ್ನೇನು?"

"ಬೈಯವ್ವಾ, ಬೈ. ನಮ್ಮವ್ವ ಸಾಯೂತನಕ ನನ್ನ ಕರದಾಗೆಲ್ಲಾ ಅವನ್ನೂ ಕರದಾಳ. ಗೊತ್ತಿಲ್ಲ ಅಂತ ಹ್ಯಾಂಗ ಅನ್ಲಿ?"



ಆ ಚಳಿಗಾಲವನ್ನು ಅವರು ದಾಟಲಿಲ್ಲ. ಗುಳಿಗೆ ನುಂಗುವುದನ್ನು ಯಾವಾಗಲೋ ಬಿಟ್ಟಿದ್ದರು, ಯಾರಿಗೂ ಹೇಳಿರಲಿಲ್ಲ. ಮರಣ ಬರೆಸಲು ಕಾಕಿಯನ್ನು ನಾನೇ ಕರೆದುಕೊಂಡು ಹೋದೆ. ಅಲ್ಲಿ ಕೂತವನು ತಲೆ ಎತ್ತದೆ ಕೇಳಿದ:

"ವಯಸ್ಸೆಷ್ಟು?"

ನಾನು ಎರಡೂ ದಿನಾಂಕದ ಕಾಗದಗಳನ್ನು ಮೇಜಿನ ಮೇಲಿಟ್ಟೆ. ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಯಾವದಾರ ಬರ್ಕೋರಿ. ಇನ್ನ ಅದೇನು ಹೆಚ್ಚಾಗಾಂಗಿಲ್ಲ."