ನಾಲೆ ಏರಿಯ ಮೇಲೆ ಕರೆಂಟು ಬೈಕು

ಅರುಂಧತಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಊಟಕ್ಕೆ ಕೂತರೂ ಕಣ್ಣು ಬಾಗಿಲ ಕಡೆಗೇ. ಯಲಿಯೂರಿನಲ್ಲಿ ಹುಟ್ಟಿ ಕೊಪ್ಪಕ್ಕೆ ಸೊಸೆಯಾಗಿ ಬಂದವಳು. ಸುತ್ತಲಿನ ಹಳ್ಳಿಗಳಲ್ಲಿ ಬೆದೆಗೆ ಬಂದ ಹಸುಗಳಿಗೆ ಗಬ್ಬದ ಸೂಜಿ ಹಾಕುವುದು ಅವಳ ಕೆಲಸ. ಬೆದೆ ಯಾರಿಗೂ ಕಾಯುವುದಿಲ್ಲ. ಹಾಗಾಗಿ ಫೋನು ಬಂದ ಕೂಡಲೇ ಎದ್ದು ಹೊರಡುವುದು ಅವಳಿಗೆ ಅಭ್ಯಾಸವೋ ರೋಗವೋ ಆಗಿಬಿಟ್ಟಿತ್ತು.

ಗದ್ದೆ ಬದು, ನಾಲೆ ಏರಿಗಳ ಮೇಲೆ ಗಾಡಿಯನ್ನು ನಡಿಗೆಯ ವೇಗದಲ್ಲೇ ಬಿಡಬೇಕು. ಅಷ್ಟು ನಿಧಾನವಾದರೆ ಪೆಟ್ರೋಲ್ ಬೈಕು ಆಫ್ ಆಗಿಬಿಡುತ್ತದೆ. ಕ್ಲಚ್ಚನ್ನು ಅರ್ಧ ಹಿಡಿದು, ಎಂಜಿನ್ ಅರಚಿಸುತ್ತ ವರ್ಷಗಟ್ಟಲೆ ಓಡಿಸಿ ಅವಳ ಎಡ ಮಣಿಕಟ್ಟು ಊದಿಕೊಂಡಿತ್ತು. ಇನ್ನು ಕ್ಲಚ್ ಹಿಡಿಯಕೂಡದು ಎಂದರು ಮಂಡ್ಯದ ಡಾಕ್ಟರು.

"ಡೇರೀಲಿ ಕೂತ್ಕಂಡು ಮಾಡೋ ಕೆಲ್ಸ ಅದೆ, ಅದ್ನೇ ಒಪ್ಕೊ" ಎಂದ ಗಂಡ ಸಿದ್ದೇಶ್.

"ಕೂತ್ರೆ ಸತ್ತೋಯ್ತೀನಿ ಕಣ್ರೀ" ಎಂದಳು ಅರುಂಧತಿ. ಕ್ಲಚ್ಚೂ ಗೇರೂ ಇಲ್ಲದ ಕರೆಂಟು ಬೈಕು ಮನೆಗೆ ಬಂತು.

ಮೊದಲ ದಿನ ಹಳೇ ರೂಢಿಯಂತೆ ಆಕ್ಸಿಲರೇಟರ್ ತಿರುವಿದಳು. ಪೆಟ್ರೋಲ್ ಗಾಡಿ ಮೊದಲು ಸದ್ದು ಮಾಡಿ ಆಮೇಲೆ ಎಳೆಯುತ್ತದೆ. ಇದು ಸದ್ದೇ ಇಲ್ಲದೆ, ನಿಂತ ಜಾಗದಿಂದಲೇ ಇದ್ದ ಶಕ್ತಿಯನ್ನೆಲ್ಲ ಚಕ್ರಕ್ಕೆ ಕೊಟ್ಟಿತು. ಗಾಡಿ ಹಾರಿ ನಾಟಿ ಗದ್ದೆಗೆ ಬಿತ್ತು, ಹಿಂದೆಯೇ ಅವಳೂ.

ಬದುವಿನ ಮೇಲಿದ್ದ ಗದ್ದೆಯ ಯಜಮಾನ ಲಿಂಗಯ್ಯ, "ಏನಮ್ಮೋ, ಬೈಕು ಅಂತ ಗೂಳಿ ತಂದ್ಬುಟ್ಟಾ?" ಎಂದು ನಕ್ಕ.

ಮೈಗೆ ಕೆಸರು ಮೆತ್ತಿದ್ದರೂ ಅವಳ ತಲೆ ಬೇರೆಲ್ಲೋ ಓಡುತ್ತಿತ್ತು. ಇಷ್ಟು ನಿಧಾನದಲ್ಲಿ ಇಷ್ಟು ಎಳೆತ ಇದ್ದರೆ ಏರಿ ಹತ್ತುವುದು ಎಷ್ಟು ಸಲೀಸು! ಕೂದಲೆಳೆಯಷ್ಟೇ ತಿರುವುವುದನ್ನು ಕೈಗೆ ಕಲಿಸಬೇಕಿತ್ತು, ಕಲಿಸಿದಳು.

ಮಳೆಗಾಲದ ಒಂದು ಬೆಳಿಗ್ಗೆ ಹೊಂಬಾಳಮ್ಮನ ಫೋನು ಬಂತು. ನಾಲೆಯಾಚೆಯ ತೋಟದ ಮನೆಯ ಯಜಮಾನಿ ಆಕೆ. "ಹಸ ಈಯ್ತಾ ಅದೆ, ಕರ ಒಳ್ಗೇ ಸಿಗಾಕಂಡದೆ ಕಣವ್ವ, ಡಾಕ್ಟ್ರನ್ನ ಕರ್ಕಂಡ್ ಬ್ಯಾಗ ಬಾ."

ಪಶುವೈದ್ಯೆ ಚಂದನ ಹೊರಟು ಬಂದಳು. ಆದರೆ ಅವಳ ಜೀಪು ಏರಿಯ ಬುಡದಲ್ಲೇ ಕೆಸರಲ್ಲಿ ಹೂತುಕೊಂಡಿತು.

"ಹತ್ತಿ ಮೇಡಂ" ಎಂದಳು ಅರುಂಧತಿ.

ಇಬ್ಬರೂ, ಜೊತೆಗೆ ಔಷಧದ ಪೆಟ್ಟಿಗೆ. ಒಂದು ಕಡೆ ತುಂಬಿದ ನಾಲೆ, ಇನ್ನೊಂದು ಕಡೆ ಕಬ್ಬು. ಸ್ವಲ್ಪ ಜಾಸ್ತಿ ತಿರುವಿದರೆ ಹಿಂದಿನ ಚಕ್ರ ಕೆಸರಲ್ಲಿ ಗಿರಗಿರ ಸುತ್ತಿ ಜಾರುತ್ತಿತ್ತು. ತಿರುವದಂತೆ ತಿರುವುತ್ತ, ಉಸಿರು ಬಿಗಿಹಿಡಿದು ಹೋದಳು. ಗಾಡಿ ಒಮ್ಮೆಯೂ ಆಫ್ ಆಗಲಿಲ್ಲ, ಉಳುವ ಎತ್ತಿನಂತೆ ಎಳೆಯಿತು.

ಅರ್ಧ ಏರಿ ದಾಟುವಷ್ಟರಲ್ಲಿ ಕೆಂಪು ದೀಪ ಹತ್ತಿಕೊಂಡು ಎಳೆತ ಇದ್ದಕ್ಕಿದ್ದಂತೆ ಸತ್ತಿತು.

"ಏನಾಯ್ತಕ್ಕ?"

"ಮೋಟಾರು ಕಾದದೆ ಮೇಡಂ. ನಿಧಾನಕ್ಕೆ ಭಾರ ಎಳುದ್ರೆ ಇಂಗೇ, ಆರೋಗಂಟ ಕಾಯ್ಬೇಕು."

ಚಂದನ ಇಳಿದು, ಪೆಟ್ಟಿಗೆ ಎತ್ತಿಕೊಂಡು ನಡೆದೇಬಿಟ್ಟಳು. ಅರುಂಧತಿ ಜಿಟಿಜಿಟಿ ಮಳೆಯಲ್ಲಿ ಗಾಡಿಯ ಸುತ್ತ ಸುತ್ತಿದಳು. ಮೋಟಾರು ಮುಟ್ಟಿ ನೋಡಿದಳು, ಬಿಸಿ. ಮತ್ತೆ ಸುತ್ತಿದಳು, ಮತ್ತೆ ಮುಟ್ಟಿದಳು. ಆ ಹಸುವಿಗೆ ಗಬ್ಬದ ಸೂಜಿ ಹಾಕಿದ್ದು ಅವಳೇ. ದೀಪ ಆರಿದ್ದೇ ತಡ ಹೊರಟು, ಚಂದನಳನ್ನು ದಾರಿಯಲ್ಲಿ ಹತ್ತಿಸಿಕೊಂಡು ತೋಟದ ಮನೆ ಮುಟ್ಟಿದಳು.

ಹೊಂಬಾಳಮ್ಮನ ಗಂಡ ಮಾದಯ್ಯ ಹಗ್ಗ ಹಿಡಿದ. ಚಂದನ ಒಳಗೆ ಕೈಹಾಕಿ ಕರುವಿನ ಮಡಚಿದ ಕಾಲನ್ನು ನೇರ ಮಾಡಿದಳು, ಅರುಂಧತಿ ಎಳೆದಳು. ಕರು ಉಳಿಯಲಿಲ್ಲ. ಹಸು ಉಳಿಯಿತು. ಮಾದಯ್ಯ ಹಸುವಿನ ಕುತ್ತಿಗೆ ನೇವರಿಸುತ್ತ ನಿಂತ.

ಬೈಕಿನಲ್ಲಿ ಚಾರ್ಜು ತಳ ಕಂಡಿತ್ತು. ಕೊಟ್ಟಿಗೆಯಲ್ಲಿ ಇದ್ದದ್ದು ಒಂದು ಬಲ್ಬು ಮಾತ್ರ, ಪ್ಲಗ್ಗು ನಡುಮನೆಯಲ್ಲಿತ್ತು. ಈ ಮನೆಗೆ ಅವಳು ಬರುತ್ತಿರುವುದು ವರ್ಷಗಳಿಂದ. ಆದರೆ ಅಂಗಳ ಮತ್ತು ಕೊಟ್ಟಿಗೆ ಬಿಟ್ಟು ಒಳಗೆ ಕಾಲಿಟ್ಟವಳಲ್ಲ. ಅವಳ ಮನೆಯವರು ಎಂದೋ ಬುದ್ಧನ ದಾರಿ ಹಿಡಿದಿದ್ದರೂ ಹಳ್ಳಿ ಮಾತ್ರ ಅವರ ಹಳೇ ಕೇರಿಯನ್ನು ಮರೆತಿರಲಿಲ್ಲ.

"ವೈರು ಇಲ್ ಕೊಡವ್ವ, ನಾನೇ ಚುಚ್ತೀನಿ" ಎಂದಳು ಹೊಂಬಾಳಮ್ಮ. ಚಂದನಳನ್ನು ಒಳಗೆ ಕರೆದು ಕೂರಿಸಿದಳು. ಅರುಂಧತಿ ಜಗಲಿಯಲ್ಲಿ ಕೂತಳು, ಎದ್ದಳು, ಅಂಗಳದ ತುದಿಗೆ ಹೋಗಿ ಬಂದಳು. ಬೈಕಿನ ದೀಪ ಹತ್ತುತ್ತಿತ್ತು, ಆರುತ್ತಿತ್ತು.

"ಅಮ್ಮ, ಪ್ಲಗ್ಗು ಸಡಿಲ ಆಗದೆ. ಒತ್ತಿ."

ಒಳಗಿಂದ ಕಿಡಿ ಸಿಡಿದ ಚಟ್ ಸದ್ದು. "ಅಯ್ಯೋ!" ಎಂದು ಹಿಂದೆ ಸರಿದ ಹೊಂಬಾಳಮ್ಮ ಬಾಗಿಲಿಗೆ ಬಂದು ನಿಂತಳು. ಅರುಂಧತಿಯ ಮುಖ ನೋಡಿದಳು, ಗಂಡನ ಮುಖ ನೋಡಿದಳು.

"ನನ್ ಕೈಲಾಗಕ್ಕಿಲ್ಲ. ನೀನೇ ಬಾ ಒಳಿಕೆ."

ಅರುಂಧತಿ ಹೊಸಿಲ ಬಳಿ ತಡೆದಳು. ಅವಳ ಕಾಲು ಹಾಗೆ ತಡೆದದ್ದು ಅಪರೂಪ. ಸಿಟ್ಟು ಬಂದಿತ್ತು. ಕಿಡಿ ಸಿಡಿಯದಿದ್ದರೆ ಕರೆಯುತ್ತಿದ್ದರೇ? ಒಳಗೆ ಹೋಗಿ ಸ್ವಿಚ್ ಆರಿಸಿ, ಪ್ಲಗ್ಗನ್ನು ಬಿಗಿಮಾಡಿ ಹಾಕಿದಳು.

ಹೊಂಬಾಳಮ್ಮ ಕಾಫಿ ತಂದಳು. ಇಬ್ಬರಿಗೂ ಒಂದೇ ತರದ ಸ್ಟೀಲ್ ಲೋಟ. "ಕೂತ್ಕಂಡು ಕುಡಿ" ಎಂದಳು, ಕಣ್ಣು ತಪ್ಪಿಸಿ.

ಅರುಂಧತಿ ನಿಂತೇ ಕುಡಿದಳು. ಅಷ್ಟರಲ್ಲಿ ನಿಡಘಟ್ಟದಿಂದ ಫೋನು: ಹಸು ಬೆದೆಗೆ ಬಂದು ಬೆಳಿಗ್ಗೆಯಿಂದ ಕೂಗುತ್ತಿದೆಯಂತೆ.

"ಇನ್ನೂ ಚಾರ್ಜು ತುಂಬಿಲ್ವಲ್ಲ ಅಕ್ಕ" ಎಂದಳು ಚಂದನ.

"ಸಾಕು ಬುಡಿ ಮೇಡಂ, ಏರಿ ದಾಟುದ್ರೆ ಮಿಕ್ಕಿದ್ದು ಟಾರ್ ರೋಡು."

ವೈರು ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಬಂದಳು. ಚಂದನ ಹಿಂದೆ ಕೂತ ಮೇಲೆ, ಸದ್ದಿಲ್ಲದೆ, ಮೆಲ್ಲಗೆ, ಬೈಕು ಅಂಗಳ ದಾಟಿ ಏರಿಯ ಕಡೆಗೆ ತಿರುಗಿತು.