ಕುಸುಮಬಾಯಿಯ ಧರ್ಮದ ಪಿರಿಯಡ್

ಜುಗೂಳದ ಕುಸುಮಬಾಯಿ ಮೂವತ್ತೊಂದು ವರ್ಷ ಬಸದಿಯ ಪಡಸಾಲೆಯಲ್ಲಿ ರವಿವಾರ ಬೆಳಿಗ್ಗೆ ಮಕ್ಕಳಿಗೆ ಪಾಠ ಹೇಳಿದರು. ಸಂಬಳವಿರಲಿಲ್ಲ, ಹಾಜರಿ ಪುಸ್ತಕವೂ ಇರಲಿಲ್ಲ. ಣಮೋಕಾರ ಮಂತ್ರದ ಅರ್ಥ ತಿಳಿಯುವವರೆಗೆ ಅದನ್ನು ಬಾಯಿಪಾಠ ಮಾಡಿಸುತ್ತಿರಲಿಲ್ಲ. ಬೇರೆ ಜಾತಿಯ ಮಕ್ಕಳು ಬಂದು ಕೂತರೂ ನೀನ್ಯಾರೆಂದು ಕೇಳುತ್ತಿರಲಿಲ್ಲ.

ಊರಿನ ದೊಡ್ಡ ಕಬ್ಬಿನ ಕುಳ ವೃಷಭ ಅವರಿಗೆ ಧರ್ಮ ನೆನಪಾದದ್ದು ರಸ್ತೆ ಪಕ್ಕದ ಅವರ ಹೊಲ ಬಿನ್‌ಶೇತಕಿ ಆಗಿ ಕಟ್ಟಡ ಕಟ್ಟಲು ಪರವಾನಗಿ ಸಿಕ್ಕ ಮೇಲೆ. ಟ್ರಸ್ಟ್ ಕಟ್ಟಿ, ತಾವೇ ಚೇರಮನ್ ಆಗಿ, ‘ಧರ್ಮಾಧಾರಿತ ಇಂಗ್ಲಿಷ್ ಮಾಧ್ಯಮ ಶಾಲೆ’ ತೆಗೆದರು. ಫ್ಲೆಕ್ಸಿನಲ್ಲಿ ತೀರ್ಥಂಕರರಿಗಿಂತ ಚೇರಮನ್ನರು ದೊಡ್ಡವರಾಗಿ ಕೈಮುಗಿದು ನಿಂತಿದ್ದರು. ಅವರ ಮಗ ಕುಣಾಲ ಮಾತ್ರ ಕೊಲ್ಲಾಪುರದ ಹಾಸ್ಟೆಲಿನಲ್ಲಿದ್ದು, ಧರ್ಮದ ಗಂಧಗಾಳಿಯಿಲ್ಲದ ಶಾಲೆಗೆ ಹೋಗುತ್ತಿದ್ದ.

ಕುಸುಮಬಾಯಿಯ ಹೆಸರಿದ್ದರೆ ಪಾಲಕರು ನಂಬುತ್ತಾರೆಂದು ಅವರನ್ನು ಧರ್ಮದ ಶಿಕ್ಷಕಿಯಾಗಿ ಕರೆದರು. ಬಸದಿಯ ಪಾಠ ನಿಲ್ಲಿಸಿ ಅವರು ಹೋದರು. ಮೊದಲ ವರ್ಷ ದಿನಕ್ಕೊಂದು ಪಿರಿಯಡ್ ಸಿಕ್ಕಿತು. ಎರಡನೆಯ ವರ್ಷ ಶನಿವಾರಕ್ಕೊಂದು. ಆಮೇಲೆ ಶನಿವಾರವನ್ನು ಅಬ್ಯಾಕಸ್ ನುಂಗಿತು. ಉಳಿದದ್ದು ವಾರ್ಷಿಕ ಗ್ಯಾದರಿಂಗ್ ದಿನ ಬಿಳಿ ಬಟ್ಟೆ ತೊಟ್ಟ ಮಕ್ಕಳನ್ನು ಡ್ರೋನ್ ಕ್ಯಾಮೆರಾದ ಕೆಳಗೆ ಕಣ್ಣು ಮುಚ್ಚಿಸಿ ಕೂರಿಸುವ ಕೆಲಸ. ನಾಲ್ಕು ವರ್ಷ ಸಹಿಸಿಕೊಂಡದ್ದು ತಮ್ಮ ಮೂರ್ಖತನ ಎಂದು ಈಗ ಅವರೇ ಹೇಳುತ್ತಾರೆ.

ಅಷ್ಟರಲ್ಲಿ ಯಾರೋ ಅರ್ಜಿ ಹಾಕಿದರು: ಇಲ್ಲಿ ಒತ್ತಾಯದಿಂದ ಧರ್ಮ ಕಲಿಸುತ್ತಾರೆ, ಮಾನ್ಯತೆ ರದ್ದು ಮಾಡಿ. ಚಿಕ್ಕೋಡಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ನಾಳೆ ತಪಾಸಣೆಗೆ ಬರುತ್ತಾರೆಂದು ತಿಳಿದದ್ದೇ ತಡ, ಧರ್ಮಕ್ಕಾಗಿ ಪ್ರಾಣ ಕೊಡುತ್ತೇವೆಂದು ಮೈಕಿನಲ್ಲಿ ಕೂಗಿದವರೆಲ್ಲ ‘ಧರ್ಮಾಧಾರಿತ’ ಎಂಬ ಬೋರ್ಡು ಬಿಚ್ಚಲು ಏಣಿ ಹುಡುಕಿದರು. ತೀರ್ಥಂಕರರ ಫೋಟೋಗಳು ಆಟದ ಸಾಮಾನಿನ ಕೋಣೆ ಸೇರಿದವು. ಹೆಡ್ ಮೇಡಂ ಕಾಜಲ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ‘ನಮಗೆ ಧರ್ಮದ ಕ್ಲಾಸೇ ಇಲ್ಲ’ ಎಂದು ಒಂದು ತಾಸು ಹೇಳಿಸಿದರು. ಕುಸುಮಬಾಯಿಗೆ ಮರುದಿನ ಬರಬೇಡಿರೆಂದು ಸೂಟಿ ಕೊಟ್ಟರು.

ಸಂಜೆ ಗೇಟಿನ ಹತ್ತಿರ ಮೂರನೆಯ ಇಯತ್ತೆಯ ಬ್ರಾಹ್ಮಿ ಅವರ ಸೆರಗು ಹಿಡಿದಳು.

“ಅಕ್ಕಾರ, ನಾಳಿ ಒಂದಿನ ಅಷ್ಟ ಸುಳ್ಳ ಹೇಳಿದ್ರ ನಡೀತೈತೇನ್ರಿ? ಮೇಡಂ ನಡೀತೈತಿ ಅಂದಾರ.”

“ನಡ್ಯಾಂಗಿಲ್ಲವ್ವಾ,” ಎಂದರು ಕುಸುಮಬಾಯಿ. ಹೇಳುವಾಗ ನಾಚಿಕೆಯಿಂದ ಅವರ ಕಿವಿ ಬಿಸಿಯಾಗಿತ್ತು.

ಮರುದಿನ ಹನ್ನೆರಡಕ್ಕೆ ಅವರು ಕರೆಯದೇ ಬಂದು ಸಾಹೇಬರ ಎದುರಿನ ಕುರ್ಚಿಯಲ್ಲಿ ಕೂತರು. ಚೇರಮನ್ನರ ಮುಖ ಬಿಳಚಿಕೊಂಡಿತು. ಇಲ್ಲಿ ಧರ್ಮ ಕಲಿಸುತ್ತೀರಾ ಎಂದು ಸಾಹೇಬರು ಕೇಳಿದರು.

“ಇಲ್ರಿ. ನಾಕ ವರ್ಷ ನಾ ಒಬ್ಬಾಕಿ ಒದರೇನಿ, ಇವರ್ಯಾರೂ ಕಲಿಸಿಲ್ಲ. ಸುಳ್ಳ ಹೇಳೂದನ್ನ ಮಾತ್ರ ನಿನ್ನೆ ಒಂದ ತಾಸಿನ್ಯಾಗ ಚಲೋ ಕಲಿಸ್ಯಾರ.”

ಸಾಹೇಬರು ನಕ್ಕು, ಹಾಗಾದರೆ ಇಂಥ ಶಾಲೆಗಳು ಇರಬೇಕೋ ಬೇಡವೋ ಎಂದರು.

“ಯಾವ ಧರ್ಮದವರರ ಸಾಲಿ ತಗೀಲ್ರಿ, ನಂದ ತಕರಾರಿಲ್ಲ. ಖುಲ್ಲಾ ಕಲಿಸ್ಲಿ, ನೀವು ಖುಲ್ಲಾ ನೋಡ್ರಿ. ಸಾಹೇಬ್ರು ಬರ್ತಾರಂತ ದೇವರನ್ನ ಬ್ಯಾಟ್-ಬಾಲ್ ಜೋಡಿ ಮುಚ್ಚಿಡೋರು ಮಾತ್ರ ತಗೀಬಾರದು.”

ಸಾಹೇಬರಿಗೆ ಊಟದ ಹೊತ್ತಾಗಿತ್ತು. ಅವರು ಆಟದ ಸಾಮಾನಿನ ಕೋಣೆಯ ಬಾಗಿಲು ತೆಗೆಸಲಿಲ್ಲ. ಬೇಕಾದ ಒಂದೇ ಮಾತನ್ನು ಬರೆದುಕೊಂಡರು: ‘ಧರ್ಮಬೋಧನೆ ಕಂಡುಬಂದಿಲ್ಲ.’ ಮಾನ್ಯತೆ ಉಳಿಯಿತು. ಮೂರನೆಯ ದಿನ ಬೋರ್ಡು ಮತ್ತೆ ಏರಿತು, ಈ ಸಲ ಬಂಗಾರದ ಬಣ್ಣದಲ್ಲಿ. ಅಕ್ಕಾರೇ ಟ್ರಸ್ಟ್ ಉಳಿಸಿದರು ಎಂದು ಹೇಳಿಕೊಂಡು ತಿರುಗಿದ ಚೇರಮನ್ನರು ಸತ್ಕಾರಕ್ಕೆ ಕರೆಯಲು ಕ್ಲಾರ್ಕ್ ಸುಜಯನ ಕೈಯಲ್ಲಿ ಶಾಲು ಕಳಿಸಿದರು. ಬೈಸಿಕೊಂಡೂ ಸನ್ಮಾನ ಮಾಡುವಷ್ಟು ದಪ್ಪ ಚರ್ಮ ಅವರದು. ಕುಸುಮಬಾಯಿ ಸುಜಯನಿಗೆ ಚಹಾ ಕೊಟ್ಟು, ಶಾಲನ್ನೂ ರಾಜೀನಾಮೆಯನ್ನೂ ಅವನ ಕೈಯಲ್ಲೇ ವಾಪಸು ಕಳಿಸಿದರು.

ಮುಂದಿನ ರವಿವಾರ ಅವರು ಬಸದಿಯ ಪಡಸಾಲೆ ಗುಡಿಸಿ ಕೂತರು. ಈಗ ಒಂಬತ್ತು ಮಕ್ಕಳು ಬರುತ್ತಾರೆ. ಟ್ರಸ್ಟ್ ಅಥಣಿಯಲ್ಲಿ ಎರಡನೆಯ ಶಾಲೆ ತೆಗೆಯುತ್ತಿದೆ. ಅದರ ಆಮಂತ್ರಣ ಪತ್ರಿಕೆಯಲ್ಲಿ ಕೇಳದೇ ಇವರ ಹೆಸರನ್ನು ‘ಧರ್ಮ ಮಾರ್ಗದರ್ಶಕಿ’ ಎಂದು ಹಾಕಿದ್ದರು. ತೆಗೆಯಿರೆಂದು ಕುಸುಮಬಾಯಿ ಎರಡು ಸಲ ಹೇಳಿ ಕಳಿಸಿದರು. ತೆಗೆದಿಲ್ಲ.